ಕಲಿತದ್ದೊಂದು, ದುಡಿಯುವುದು ಇನ್ನೊಂದು: ಆಯುಷ್ ವೈದ್ಯರ ವೃತ್ತಿಬದುಕು

ಆಯುರ್ವೇದ, ಹೋಮಿಯೋಪತಿ, ಯುನಾನಿ, ಪ್ರಕೃತಿ ಚಿಕಿತ್ಸೆ ಮುಂತಾದ ಆಯುಷ್ ಪದ್ಧತಿಗಳ ಬಗ್ಗೆ ನಮ್ಮಲ್ಲಿ ನಡೆಯುವ ವಾದವೆಲ್ಲ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತದೆ: ಈ ಮದ್ದಿಗೆ ಗುಣವಿದೆಯೇ, ಇಲ್ಲವೇ? ಪ್ರಶ್ನೆ ಸಣ್ಣದಲ್ಲ. ಆದರೆ ಅದರ ಗದ್ದಲದಲ್ಲಿ ಈ ಪದ್ಧತಿಗಳನ್ನು ಓದಿ, ನೋಂದಣಿ ಮಾಡಿಸಿಕೊಂಡು, ಹೊಟ್ಟೆಪಾಡಿಗಾಗಿ ದಿನವೂ ಕೆಲಸಕ್ಕೆ ಹೋಗುವ ಲಕ್ಷಾಂತರ ಜನ ನಿಜವಾಗಿ ಏನು ಕೆಲಸ ಮಾಡುತ್ತಿದ್ದಾರೆ ಎಂಬುದನ್ನು ಯಾರೂ ಕೇಳುವುದಿಲ್ಲ. 2022ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕ ಹೀಗಿತ್ತು: ನೋಂದಾಯಿತ ಅಲೋಪತಿ ವೈದ್ಯರು 13.08 ಲಕ್ಷ, ಅವರಲ್ಲಿ ಶೇ 80ರಷ್ಟು ಜನ ಸೇವೆಗೆ ಸಿಗುತ್ತಾರೆಂದು ಹಿಡಿದು, 5.65 ಲಕ್ಷ ಆಯುಷ್ ವೈದ್ಯರನ್ನು ಸೇರಿಸಿದರೆ ಪ್ರತಿ 834 ಜನರಿಗೆ ಒಬ್ಬ ವೈದ್ಯ. ಸಾವಿರಕ್ಕೊಬ್ಬರು ಎಂಬ ಅಂತರರಾಷ್ಟ್ರೀಯ ಮಾನದಂಡವನ್ನು ದೇಶ ದಾಟಿದ್ದು ಹೀಗೆ. ಮರುವರ್ಷ, 2023ರ ಏಪ್ರಿಲ್‌ನಲ್ಲಿ, ಗುಜರಾತಿನ ಆಯುರ್ವೇದ ವೈದ್ಯರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅವರಿಗೆ ಎಂಬಿಬಿಎಸ್ ವೈದ್ಯರಿಗೆ ಸಮನಾದ ವೇತನ ಕೇಳುವ ಹಕ್ಕಿಲ್ಲ ಎಂದಿತು. ಇಬ್ಬರೂ ಮಾಡುವ ಕೆಲಸ ಸಮಾನವಲ್ಲ ಎಂಬುದು ಅದರ ಕಾರಣ. ತಲೆ ಎಣಿಸುವಾಗ ಅವರು ವೈದ್ಯರು, ಸಂಬಳ ಕೊಡುವಾಗ ಬೇರೆಯವರು. ಈ ಎರಡು ಮಾತುಗಳ ನಡುವಿನ ಬಿರುಕಿನಲ್ಲೇ ಇಡೀ ಒಂದು ವೃತ್ತಿ ಬದುಕುತ್ತಿದೆ. ಅಲೋಪತಿ ವೈದ್ಯರು ಹೋಗದ ಜಾಗವನ್ನು ಅಗ್ಗದಲ್ಲಿ ತುಂಬುವ ಕೆಲಸಕ್ಕೆ ಇವರನ್ನು ಬಳಸುತ್ತಿದ್ದೇವೆಯೇ ಹೊರತು, ಅವರು ಕಲಿತದ್ದಕ್ಕೆ ಒಂದು ಕೆಲಸವನ್ನು ನಾವು ಇನ್ನೂ ರೂಪಿಸಿಲ್ಲ. ಮಿಕ್ಸೋಪತಿ (ಪದ್ಧತಿಗಳ ಬೆರಕೆ), ನಕಲಿ ವೈದ್ಯ, ಸಮಾನ ವೇತನ ಮುಂತಾದ ಜಗಳಗಳೆಲ್ಲ ಹುಟ್ಟುವುದು ಇಲ್ಲಿಂದ.

ಈ ಬಿರುಕು ಇಂದು ನಿನ್ನೆಯದಲ್ಲ. ಮೈಸೂರಿನಲ್ಲಿ ಆಯುರ್ವೇದ ಕಾಲೇಜು ಶುರುವಾದದ್ದು 1908ರಲ್ಲಿ. ಮದ್ರಾಸಿನಲ್ಲಿ 1920ರ ದಶಕದಲ್ಲಿ ದೇಶೀ ವೈದ್ಯದ ಶಾಲೆ ಬಂತು. ಆಗ ದಕ್ಷಿಣ ಕನ್ನಡವೂ ಬಳ್ಳಾರಿಯೂ ಆ ಪ್ರಾಂತ್ಯಕ್ಕೇ ಸೇರಿದ್ದವು. ಗುರುವಿನ ಮನೆಯಲ್ಲಿ ಕಲಿತು ಬರುತ್ತಿದ್ದ ವೈದ್ಯನ ಜಾಗಕ್ಕೆ ತರಗತಿ, ಪರೀಕ್ಷೆ, ಪದವಿ ಹಿಡಿದ ವೈದ್ಯ ಬಂದ. ಆಯುರ್ವೇದ, ಅಲೋಪತಿ ಎರಡನ್ನೂ ಸೇರಿಸಿ ಕಲಿಸುವ ಸಮಗ್ರ ಕೋರ್ಸುಗಳು ಸ್ವಾತಂತ್ರ್ಯದ ಆಚೀಚೆ ಹಲವು ಕಡೆ ನಡೆದವು. ಕೊನೆಗೆ ಅವುಗಳ ವಿದ್ಯಾರ್ಥಿಗಳೇ ತಮಗೆ ಎಂಬಿಬಿಎಸ್ ಕೊಡಿ ಎಂದು ಮುಷ್ಕರ ಹೂಡಿದರು. ಮದ್ರಾಸಿನ ಕಾಲೇಜು 1960ರಲ್ಲಿ ಕಿಲ್ಪಾಕ್ ಮೆಡಿಕಲ್ ಕಾಲೇಜಾಯಿತು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆಯುರ್ವೇದ ಕಾಲೇಜೂ ಅದೇ ವರ್ಷ ಆಧುನಿಕ ವೈದ್ಯಕೀಯ ಕಾಲೇಜಾಗಿ ಬದಲಾಯಿತು. ಆ ಬದಲಾವಣೆಯ ಮುಂಚೂಣಿಯಲ್ಲಿದ್ದವರು ಉಡುಪಿ ಕಡೆಯವರಾದ ಡಾ. ಕೆ. ಎನ್. ಉಡುಪ. ಮೊದಲು ಆಯುರ್ವೇದ ಓದಿ, ಆಮೇಲೆ ವಿದೇಶದಲ್ಲಿ ಶಸ್ತ್ರಚಿಕಿತ್ಸೆ ಕಲಿತು ಬಂದ ಅವರ ಅಧ್ಯಕ್ಷತೆಯ ಸಮಿತಿಯೇ 1959ರಲ್ಲಿ ಆಯುರ್ವೇದದ ಸ್ಥಿತಿಗತಿಯ ಕುರಿತು ವರದಿ ಕೊಟ್ಟಿತ್ತು. ಇನ್ನೊಂದು ಕಡೆ ಶುದ್ಧ ಆಯುರ್ವೇದವೇ ಬೇಕೆಂಬ ಬಣ ಗಟ್ಟಿಯಾಯಿತು. 1970ರ ಭಾರತೀಯ ವೈದ್ಯಪದ್ಧತಿ ಕೇಂದ್ರ ಮಂಡಳಿ ಕಾಯ್ದೆ ಈ ಎಳೆದಾಟಕ್ಕೆ ತೆರೆ ಎಳೆಯಬೇಕಿತ್ತು. ಆಗಿದ್ದು ರಾಜಿ: ಪಠ್ಯದಲ್ಲಿ ಚರಕ, ಸುಶ್ರುತ, ವಾಗ್ಭಟರ ಜೊತೆ ಆಧುನಿಕ ಅಂಗರಚನಾಶಾಸ್ತ್ರ, ರೋಗಶಾಸ್ತ್ರ, ಔಷಧಶಾಸ್ತ್ರದ ತುಣುಕುಗಳು. ಓದಿ ಹೊರಬಂದವನು ಎಲ್ಲಿ, ಯಾವ ರೋಗಕ್ಕೆ, ಯಾವ ಜವಾಬ್ದಾರಿಯಲ್ಲಿ ದುಡಿಯಬೇಕು ಎಂಬುದನ್ನು ಕಾಯ್ದೆ ಬರೆಯಲಿಲ್ಲ. ಅದರ ಬದಲಿಗೆ ಬಂದ 2020ರ ಕಾಯ್ದೆಯೂ ಬರೆದಿಲ್ಲ.

ಆಯುರ್ವೇದದ ಪದವಿಯಾದ ಬಿಎಎಂಎಸ್ ಎಂದರೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಸೇರಲು ಎಂಬಿಬಿಎಸ್‌ಗೆ ಬರೆಯುವ ನೀಟ್ ಪರೀಕ್ಷೆಯನ್ನೇ ಬರೆಯಬೇಕು. ಒಲವಿನಿಂದ ಬರುವವರು ಖಂಡಿತ ಇದ್ದಾರೆ. ಆದರೆ ರ‍್ಯಾಂಕು ಎಂಬಿಬಿಎಸ್‌ಗೂ ಡೆಂಟಲ್‌ಗೂ ಎಟುಕದೆ ಹೋದಾಗ ಸಿಕ್ಕ ಸೀಟು ಹಿಡಿದು ಬಂದವರೂ ಬಹಳ. ಹೆಣ್ಣುಮಕ್ಕಳ ಸಂಖ್ಯೆ ದೊಡ್ಡದು. ಕಾಲೇಜುಗಳಲ್ಲಿ ಒಳರೋಗಿಗಳ ಕೊರತೆ ಹಳೆಯ ದೂರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆಯುರ್ವೇದ ಪ್ರಾಧ್ಯಾಪಕ ಕಿಶೋರ್ ಪಟವರ್ಧನ್ ತಮ್ಮ ಸಮೀಕ್ಷೆಗಳಲ್ಲಿ ಇದನ್ನು ದಾಖಲಿಸಿದರು. 2022ರಲ್ಲಿ ಅವರು ಇನ್ನೂ ಮುಂದೆ ಹೋಗಿ, ಪ್ರಾಚೀನ ಗ್ರಂಥಗಳ ಶಾರೀರಕ್ಕೆ ಆಧುನಿಕ ಅರ್ಥಗಳನ್ನು ಬಲವಂತವಾಗಿ ಹೊಂದಿಸಿ ಕಲಿಸುವ ರೂಢಿಯನ್ನು, ತಾವೂ ಹಾಗೆ ಕಲಿಸಿದ್ದನ್ನು, ವೈದ್ಯಕೀಯ ನೀತಿಶಾಸ್ತ್ರದ ಪತ್ರಿಕೆಯೊಂದರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಒಳಗಿನವರೊಬ್ಬರು ಇಷ್ಟು ನೇರವಾಗಿ ಬರೆದದ್ದು ಈ ಕ್ಷೇತ್ರಕ್ಕೆ ಮಾಡಿದ ದೊಡ್ಡ ಉಪಕಾರವೆಂದೇ ನನ್ನ ಎಣಿಕೆ. ರೋಗಿಯನ್ನು ಸಾಕಷ್ಟು ಮುಟ್ಟಿ ನೋಡದೆ ಪದವಿ ಪಡೆದ ಯುವ ವೈದ್ಯೆಗೆ ಸ್ವಂತ ಕ್ಲಿನಿಕ್ ತೆರೆಯುವ ಧೈರ್ಯ ಎಲ್ಲಿಂದ ಬರಬೇಕು? ಬಂಡವಾಳವೂ ಇರುವುದಿಲ್ಲ. ಅವಳು ಮೊದಲು ತಟ್ಟುವ ಬಾಗಿಲು ಖಾಸಗಿ ನರ್ಸಿಂಗ್ ಹೋಮಿನದು.

ಅಲ್ಲಿ ಅವಳಿಗೆ ಸಿಗುವ ಹೆಸರು ಡ್ಯೂಟಿ ಡಾಕ್ಟರ್. ಪಾಳಿ ಹೆಚ್ಚಾಗಿ ರಾತ್ರಿಯದು. ಕನ್ಸಲ್ಟೆಂಟರು ಸಂಜೆ ರೌಂಡ್ಸ್ ಮುಗಿಸಿ ಮನೆಗೆ ಹೋದ ಮೇಲೆ ವಾರ್ಡು ಅವಳ ಕೈಗೆ ಬರುತ್ತದೆ. ಬಂದ ರೋಗಿಯ ಬಿಪಿ, ನಾಡಿ, ಆಮ್ಲಜನಕದ ಮಟ್ಟ ನೋಡಿ ಕೇಸ್ ಶೀಟ್ ತುಂಬಬೇಕು; ಕ್ಯಾನುಲಾ ಹಾಕಿ ಡ್ರಿಪ್ ಏರಿಸಬೇಕು; ಇಸಿಜಿ ತೆಗೆಸಿ ಅದರ ಫೋಟೋ ಕನ್ಸಲ್ಟೆಂಟರಿಗೆ ವಾಟ್ಸ್ಆ್ಯಪ್ ಮಾಡಬೇಕು; ಅವರು ಫೋನಿನಲ್ಲಿ ಹೇಳಿದ ಇಂಜೆಕ್ಷನ್ ಬರೆದು ನರ್ಸಿಗೆ ಕೊಡಬೇಕು; ಬೆಳಿಗ್ಗೆ ಡಿಸ್ಚಾರ್ಜ್ ಸಮ್ಮರಿ ಸಿದ್ಧ ಮಾಡಬೇಕು. ಐದೂವರೆ ವರ್ಷ ಕಲಿತ ದೋಷ, ಧಾತು, ಅಗ್ನಿ, ಪಥ್ಯಗಳಲ್ಲಿ ಒಂದೂ ಈ ಹನ್ನೆರಡು ತಾಸಿನ ಪಾಳಿಯಲ್ಲಿ ಬಳಕೆಗೆ ಬರುವುದಿಲ್ಲ. ಎಂಬಿಬಿಎಸ್ ಆದವರು ಈ ಸಂಬಳಕ್ಕೆ ಸಿಗುವುದಿಲ್ಲವಾದ್ದರಿಂದ ಆಸ್ಪತ್ರೆಗೆ ಇವಳು ಬೇಕು. ಕೆಲಸದ ಅನುಭವ ಬರುತ್ತದೆಂದು ಇವಳಿಗೂ ಆಸ್ಪತ್ರೆ ಬೇಕು. ಏನಾದರೂ ಎಡವಟ್ಟಾದರೆ ರಾತ್ರಿ ಅಲ್ಲಿದ್ದದ್ದು ಇವಳು, ಬರೆದ ಕೈ ಇವಳದು. ಆದೇಶ ಫೋನಿನಲ್ಲಿ ಬಂದದ್ದಕ್ಕೆ ದಾಖಲೆ ಇರುವುದಿಲ್ಲ. ಮಹಾನಗರಗಳಿಂದ ಹಿಡಿದು ತಾಲ್ಲೂಕು ಕೇಂದ್ರದವರೆಗೆ ಖಾಸಗಿ ಆಸ್ಪತ್ರೆಗಳ ರಾತ್ರಿಗಳು ಇಂಥವರ ಭುಜದ ಮೇಲೆ ನಡೆಯುತ್ತಿವೆ ಎಂಬುದು ಆ ವಲಯದಲ್ಲಿ ಎಲ್ಲರೂ ಬಲ್ಲ ಸಂಗತಿ. ರೋಗಿಯ ಮನೆಯವರಿಗೆ ಮಾತ್ರ ಗೊತ್ತಿರುವುದಿಲ್ಲ.

ಕಾನೂನು ಇವಳ ಪರ ಇಲ್ಲ. 1996ರಲ್ಲಿ ಪೂನಂ ವರ್ಮಾ ಪ್ರಕರಣದಲ್ಲಿ, ಜ್ವರದ ರೋಗಿಗೆ ಅಲೋಪತಿ ಔಷಧ ಕೊಟ್ಟ ಮುಂಬೈಯ ಹೋಮಿಯೋಪತಿ ವೈದ್ಯರನ್ನು ಸುಪ್ರೀಂ ಕೋರ್ಟು ನಿರ್ಲಕ್ಷ್ಯದ ಹೊಣೆಗಾರರನ್ನಾಗಿ ಮಾಡಿತು. ತಾವು ಕಲಿಯದ ಪದ್ಧತಿಯಲ್ಲಿ ಚಿಕಿತ್ಸೆ ಕೊಡುವವರು ನಕಲಿ ವೈದ್ಯರೇ ಎಂದಿತು. 1998ರ ಮುಖ್ತಿಯಾರ್ ಚಂದ್ ತೀರ್ಪು ಬಾಗಿಲನ್ನು ಪೂರ್ತಿ ಮುಚ್ಚದೆ, ರಾಜ್ಯದ ಕಾನೂನು ಒಪ್ಪಿದರೆ ಮಾತ್ರ ಅಲೋಪತಿ ಔಷಧ ಬರೆಯಬಹುದು ಎಂದಿತು. ಮಹಾರಾಷ್ಟ್ರ ಒಪ್ಪಿತು, ಬೇರೆ ರಾಜ್ಯಗಳು ತಮಗೆ ತೋಚಿದಂತೆ ನಡೆದವು. ಗಡಿಯ ಆಚೆ ಒಪ್ಪಿತವಾದದ್ದು ಈಚೆ ಅಪರಾಧವಾಗಬಲ್ಲ ಸ್ಥಿತಿ ಬಂತು. 2017ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಸೂದೆಯಲ್ಲಿ ಆಯುಷ್ ವೈದ್ಯರಿಗೆ ಬ್ರಿಡ್ಜ್ ಕೋರ್ಸಿನ ಪ್ರಸ್ತಾವವಿತ್ತು. ಭಾರತೀಯ ವೈದ್ಯಕೀಯ ಸಂಘದ ವಿರೋಧದ ನಡುವೆ ಮರುವರ್ಷ ಅದನ್ನು ಕೈಬಿಟ್ಟರು. 2020ರ ನವೆಂಬರಿನಲ್ಲಿ ಆಯುರ್ವೇದದ ಶಸ್ತ್ರಚಿಕಿತ್ಸಾ ವಿಭಾಗಗಳಾದ ಶಲ್ಯ, ಶಾಲಾಕ್ಯಗಳಲ್ಲಿ ಸ್ನಾತಕೋತ್ತರ ಪದವಿ ಪಡೆದವರು ಮಾಡಬಹುದಾದ 58 ಶಸ್ತ್ರಕ್ರಿಯೆಗಳ ಪಟ್ಟಿ ಹೊರಟಾಗ ಡಿಸೆಂಬರ್ 11ರಂದು ಅಲೋಪತಿ ವೈದ್ಯರು ದೇಶದಾದ್ಯಂತ ಮುಷ್ಕರ ಮಾಡಿದರು. ಅವರು ಎತ್ತಿದ ಸುರಕ್ಷತೆಯ ಪ್ರಶ್ನೆ ಸರಿಯಾದದ್ದೇ. ಆದರೆ ಅದೇ ಸಂಘದ ಸದಸ್ಯರು ನಡೆಸುವ ನರ್ಸಿಂಗ್ ಹೋಮುಗಳಲ್ಲಿ ರಾತ್ರಿ ಪಾಳಿಗೆ ಯಾರಿದ್ದಾರೆಂಬ ಪ್ರಶ್ನೆಯೂ ಸುರಕ್ಷತೆಯದ್ದೇ ಅಲ್ಲವೇ? ಮಿಕ್ಸೋಪತಿಯನ್ನು ಬೀದಿಯಲ್ಲಿ ವಿರೋಧಿಸುವವರು ಅದನ್ನು ತಮ್ಮ ಆಸ್ಪತ್ರೆಯೊಳಗೆ ಮೊದಲು ನಿಲ್ಲಿಸಲಿ.

ಸರ್ಕಾರ ಖಾಸಗಿಯವರಿಗಿಂತ ಭಿನ್ನವಾಗಿ ನಡೆದಿಲ್ಲ. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆಯುಷ್ ವೈದ್ಯರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಸೂರಿನಡಿಗೆ ತಂದಿತು, ಹೆಚ್ಚಿನವರನ್ನು ಗುತ್ತಿಗೆಯ ಮೇಲೆ. ಎಂಬಿಬಿಎಸ್ ವೈದ್ಯರ ಹುದ್ದೆ ಖಾಲಿ ಬಿದ್ದ ಕಡೆ ಕೇಂದ್ರದ ಎಲ್ಲ ಕೆಲಸವೂ ಇವರ ಮೇಲೆ ಬಿತ್ತು; ಭರ್ತಿಯಾದ ಕಡೆ ಇವರಿಗೆ ಒಂದು ಮೂಲೆಯ ಕೋಣೆ, ಸರಿಯಾಗಿ ಬಾರದ ಔಷಧ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರತಿ ಸಂಚಾರಿ ತಂಡದಲ್ಲೂ ಇಬ್ಬರು ಆಯುಷ್ ವೈದ್ಯರು, ಒಬ್ಬ ಪುರುಷ, ಒಬ್ಬ ಮಹಿಳೆ. ಅಂಗನವಾಡಿ, ಶಾಲೆಗಳಿಗೆ ಹೋಗಿ ಹುಟ್ಟಿನಿಂದ ಹದಿನೆಂಟರವರೆಗಿನ ಮಕ್ಕಳಲ್ಲಿ ಸೀಳು ತುಟಿ, ಹೃದಯದ ದೋಷ, ಶ್ರವಣದೋಷ, ಬೆಳವಣಿಗೆಯ ಕುಂಠನ ಮೊದಲಾದ ಸುಮಾರು ಮೂವತ್ತು ತೊಂದರೆಗಳನ್ನು ಗುರುತಿಸಿ ಮೇಲಿನ ಆಸ್ಪತ್ರೆಗೆ ಕಳಿಸುವುದು ಅವರ ಕೆಲಸ. ಕೆಲಸ ಉಪಯುಕ್ತ, ಅದನ್ನು ಅವರು ಮಾಡಬಲ್ಲರು. ಆದರೆ ಅದರಲ್ಲಿ ಆಯುರ್ವೇದದ ಅಂಶ ಒಂದೂ ಇಲ್ಲ. ಕೋವಿಡ್ ಬಂದಾಗ ಜ್ವರ ತಪಾಸಣೆ, ಆರೈಕೆ ಕೇಂದ್ರಗಳ ಕರ್ತವ್ಯಕ್ಕೆ ಇವರನ್ನೂ ಹಚ್ಚಿದರು. ಕರ್ನಾಟಕದ ಗುತ್ತಿಗೆ ಆಯುಷ್ ವೈದ್ಯರು 2020ರಲ್ಲಿ ವೇತನ ತಾರತಮ್ಯದ ವಿರುದ್ಧ ರಾಜೀನಾಮೆಯ ಬೆದರಿಕೆ ಹಾಕಬೇಕಾಯಿತು.

ಸಮಾನ ಕೆಲಸವಲ್ಲದ ಮೇಲೆ ಸಮಾನ ವೇತನ ಯಾಕೆ ಎಂಬುದು ನ್ಯಾಯವಾದ ಆಕ್ಷೇಪ. ತುರ್ತು ಚಿಕಿತ್ಸೆ, ಅಪಘಾತದ ಗಾಯ, ಮರಣೋತ್ತರ ಪರೀಕ್ಷೆ ಮುಂತಾದವನ್ನು ಎಂಬಿಬಿಎಸ್ ವೈದ್ಯರೇ ಮಾಡುತ್ತಾರೆ ಎಂದು 2023ರ ತೀರ್ಪು ಹೇಳಿದ್ದು ವಾಸ್ತವ. ಆದರೆ ಅದೇ ನ್ಯಾಯಾಲಯ 2021ರಲ್ಲಿ, ದೆಹಲಿಯ ಪಾಲಿಕೆಯ ಆಯುಷ್ ವೈದ್ಯರಿಗೂ ನಿವೃತ್ತಿಯ ವಯಸ್ಸು ಅಲೋಪತಿ ವೈದ್ಯರಂತೆ 65 ಎಂದು ಹೇಳುವಾಗ, ಇಬ್ಬರೂ ರೋಗಿಗಳಿಗೆ ಸೇವೆ ಕೊಡುವವರೇ, ವ್ಯತ್ಯಾಸ ಪದ್ಧತಿಯದ್ದು ಮಾತ್ರ ಎಂಬ ನಿಲುವು ತಾಳಿತ್ತು. ಎರಡು ತೀರ್ಪುಗಳು ಎರಡು ದಿಕ್ಕಿಗೆ ಹೋಗಲು ಕಾರಣ ನ್ಯಾಯಾಧೀಶರಲ್ಲ. ಈ ಹುದ್ದೆಯ ಕೆಲಸವೇನು ಎಂಬುದನ್ನು ಸರ್ಕಾರ ಬರೆದಿಡದಿದ್ದರೆ ಯಾವ ನ್ಯಾಯಾಲಯ ಅದನ್ನು ಅಳೆಯಬಲ್ಲದು? ಎಂಬಿಬಿಎಸ್ ವೈದ್ಯರಿಲ್ಲದ ಕೇಂದ್ರದಲ್ಲಿ ಅವರ ಕೆಲಸವನ್ನೇ ಮಾಡಿಸಿಕೊಂಡು, ವೇತನದ ದಿನ ನೀನು ಆ ಕೆಲಸದವನಲ್ಲ ಎನ್ನುವುದು ಅನ್ಯಾಯ. ಅಳತೆ ಪದವಿಯದ್ದಾಗದೆ ವಹಿಸಿದ ಕೆಲಸದ್ದಾಗಬೇಕು. ವಹಿಸಬಾರದ ಕೆಲಸವಾದರೆ ಸಂಬಳದ ಮಾತಿಗೂ ಮೊದಲು ಅದನ್ನು ವಹಿಸುವುದು ನಿಲ್ಲಬೇಕು.

ಹಾಗಾದರೆ ಇವರ ಸ್ವಂತ ಕೆಲಸಕ್ಕೆ ಬೇಡಿಕೆ ಇದೆಯೇ? ರಾಷ್ಟ್ರೀಯ ಮಾದರಿ ಸಮೀಕ್ಷೆಯ ಎರಡು ಸುತ್ತುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 2014ರ ಸುತ್ತಿನಲ್ಲಿ, ಹಿಂದಿನ ಎರಡು ವಾರಗಳಲ್ಲಿ ಹೊರರೋಗಿಯಾಗಿ ಚಿಕಿತ್ಸೆ ಪಡೆದವರಲ್ಲಿ ಆಯುಷ್ ಪದ್ಧತಿಗೆ ಹೋದವರು ಶೇ 6.9 ಮಾತ್ರ. 2022-23ರ ಸುತ್ತಿನಲ್ಲಿ, ಹಿಂದಿನ ಒಂದು ವರ್ಷದಲ್ಲಿ ರೋಗ ತಡೆಯಲೋ ಗುಣಪಡಿಸಲೋ ಆಯುಷ್ ಬಳಸಿದೆವು ಎಂದವರು ಹಳ್ಳಿಗಳಲ್ಲಿ ಸುಮಾರು ಶೇ 46, ನಗರಗಳಲ್ಲಿ ಶೇ 53. ಹತ್ತು ವರ್ಷಗಳಲ್ಲಿ ಆಯುರ್ವೇದ ಏಳು ಪಟ್ಟು ಬೆಳೆಯಿತೆಂದು ಇದನ್ನು ಓದುವುದು ತಪ್ಪು. ಪ್ರಶ್ನೆಗಳೇ ಬೇರೆ. ಮನೆಯಲ್ಲಿ ಕಷಾಯ ಕುದಿಸಿ ಕುಡಿಯುವುದು ಬೇರೆ, ಜ್ವರ ಬಂದಾಗ ಯಾರ ಬಾಗಿಲಿಗೆ ಹೋಗುತ್ತಾರೆ ಎಂಬುದು ಬೇರೆ. ಜನರಿಗೆ ಈ ಪದ್ಧತಿಗಳ ಮೇಲೆ ಒಲವಿದೆ; ಆ ಒಲವಿನ ದುಡ್ಡು ಹೋಗುವುದು ಹೆಚ್ಚಾಗಿ ಅಂಗಡಿಯ ಚ್ಯವನಪ್ರಾಶ, ಚೂರ್ಣ, ತೈಲಗಳ ಕಂಪನಿಗಳಿಗೆ. ವೈದ್ಯನ ಮೇಜಿಗೆ ಬರುವುದು ಕಡಿಮೆ. ಬಂದವರೂ ಹೆಚ್ಚಾಗಿ ಬೇರೆಲ್ಲ ಕಡೆ ಸುತ್ತಿ ಬಂದ ಸಂಧಿವಾತ, ಚರ್ಮರೋಗ, ಮೂಲವ್ಯಾಧಿ, ಪಾರ್ಶ್ವವಾಯುವಿನ ನಂತರದ ಆರೈಕೆಯ ರೋಗಿಗಳು.

ಕಲಿತ ವಿದ್ಯೆಗೂ ಮಾಡುವ ಕೆಲಸಕ್ಕೂ ಹೊಂದಿಕೆಯಾದರೆ ಏನಾಗುತ್ತದೆ ಎಂಬುದಕ್ಕೆ ಕ್ಷಾರಸೂತ್ರ ಉತ್ತಮ ಉದಾಹರಣೆ. ಭಗಂದರ ಎಂಬ ಗುದದ್ವಾರದ ಬಳಿಯ ನಾಳವ್ರಣಕ್ಕೆ ಬಳಸುವ ಔಷಧಿಯ ದಾರ ಇದು. ಗಟ್ಟಿ ನಾರಿನ ನೂಲನ್ನು ಚೌಕಟ್ಟಿಗೆ ಬಿಗಿದು, ಎಲೆಗಳ್ಳಿಯ ಹಾಲನ್ನು ಹನ್ನೊಂದು ಸಲ, ಹಾಲಿನ ಜೊತೆ ಉತ್ತರಾಣಿಯ ಕ್ಷಾರವನ್ನು ಏಳು ಸಲ, ಹಾಲಿನ ಜೊತೆ ಅರಿಶಿನವನ್ನು ಮೂರು ಸಲ, ಹೀಗೆ ಒಟ್ಟು ಇಪ್ಪತ್ತೊಂದು ಲೇಪ ಕೊಡಬೇಕು. ಒಂದು ಲೇಪ ಒಣಗಿದ ಮೇಲೆಯೇ ಇನ್ನೊಂದು. ಕಳ್ಳಿಯ ಹಾಲು ಚರ್ಮಕ್ಕೆ ತಾಗಿದರೆ ಉರಿ, ಕೈಗವಸು ಬೇಕು. ದಾರವನ್ನು ವ್ರಣದ ದಾರಿಯಲ್ಲಿ ತೂರಿಸಿ ಕಟ್ಟಿ, ವಾರಕ್ಕೊಮ್ಮೆ ಹೊಸದನ್ನು ಬದಲಿಸುತ್ತಾರೆ. ದಾರ ನಿಧಾನವಾಗಿ ಕತ್ತರಿಸುತ್ತ ಹೋದಂತೆ ಹಿಂದೆ ಗಾಯ ಮಾಯುತ್ತ ಬರುತ್ತದೆ. 1960ರ ದಶಕದಲ್ಲಿ ಬನಾರಸಿನ ಡಾ. ಪಿ. ಜೆ. ದೇಶಪಾಂಡೆ ಈ ವಿಧಾನಕ್ಕೆ ಮರುಜೀವ ಕೊಟ್ಟರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಲವು ಕೇಂದ್ರಗಳಲ್ಲಿ ನಡೆಸಿ 1991ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಶಸ್ತ್ರಕ್ರಿಯೆಯಾದವರ ಗಾಯ ಸುಮಾರು ನಾಲ್ಕು ವಾರಕ್ಕೆ ಮಾಯಿತು, ದಾರ ಕಟ್ಟಿದವರದು ಎಂಟು ವಾರ ಹಿಡಿಯಿತು. ಆದರೆ ವರ್ಷದೊಳಗೆ ರೋಗ ಮರುಕಳಿಸಿದ್ದು ದಾರದವರಲ್ಲಿ ಶೇ 4, ಶಸ್ತ್ರಕ್ರಿಯೆಯವರಲ್ಲಿ ಶೇ 11. ಲಾಭವೂ ನಷ್ಟವೂ ಎದುರಿಗಿವೆ, ರೋಗಿ ಆರಿಸಿಕೊಳ್ಳಬಹುದು. ಈ ಚಿಕಿತ್ಸೆ ಮಾಡುವ ಶಲ್ಯ ವೈದ್ಯ ಯಾರ ಖಾಲಿ ಜಾಗವನ್ನೂ ತುಂಬುತ್ತಿಲ್ಲ, ತನ್ನ ಕೆಲಸವನ್ನು ತಾನು ಮಾಡುತ್ತಿದ್ದಾನೆ. ಇಂಥ ಹತ್ತು ಚಿಕಿತ್ಸೆಗಳು ಪರೀಕ್ಷೆಯಲ್ಲಿ ಗೆದ್ದು ನಿಂತರೆ ಒಂದು ವೃತ್ತಿ ನಿಲ್ಲುತ್ತದೆ. ಸೋತವುಗಳನ್ನು ಪಠ್ಯದಿಂದ ಕೈಬಿಡುವ ಎದೆಗಾರಿಕೆಯೂ ಬೇಕು. ಪಂಚಕರ್ಮಕ್ಕೆ ಇದೇ ಮಾತು ಅನ್ವಯಿಸುತ್ತದೆ. ಅದರಲ್ಲೊಂದಾದ ಶಾಸ್ತ್ರೀಯ ವಮನಕ್ಕೆ, ಎಂದರೆ ವಾಂತಿ ಮಾಡಿಸುವ ಚಿಕಿತ್ಸೆಗೆ, ಮೊದಲು ಮೂರರಿಂದ ಏಳು ದಿನ ಏರುವ ಪ್ರಮಾಣದಲ್ಲಿ ತುಪ್ಪ ಕುಡಿಸಬೇಕು, ಆಮೇಲೆ ಗಂಜಿಯಿಂದ ಶುರುವಾಗುವ ಪಥ್ಯವನ್ನು ದಿನದಿನಕ್ಕೆ ಏರಿಸಬೇಕು. ಇದು ಹಾಸಿಗೆ, ದಾದಿ, ಅಡುಗೆಮನೆ ಬೇಡುವ ಆಸ್ಪತ್ರೆಯ ಕೆಲಸ. ರೆಸಾರ್ಟಿನಲ್ಲಿ ಅದು ಒಂದು ತಾಸಿನ ಎಣ್ಣೆ ಮಾಲೀಸಾಗಿ ಇಳಿದು, ವೈದ್ಯರು ಬಿಪಿ ನೋಡಿ ಪ್ಯಾಕೇಜಿಗೆ ಸಹಿ ಹಾಕುವವರಾಗಿ ಉಳಿಯುತ್ತಾರೆ. ಬೆವರು ಸುರಿಸಿ ತಿಕ್ಕುವ ಥೆರಪಿಸ್ಟರ ದುಡಿಮೆಯಂತೂ ಯಾರ ಲೆಕ್ಕದಲ್ಲೂ ಇಲ್ಲ.

ಪದವಿಯೇ ಇಲ್ಲದ ನಾಟಿ ವೈದ್ಯರ ಮಾತು ಇನ್ನೂ ಕಷ್ಟದ್ದು. ಮಲೆನಾಡು, ಕರಾವಳಿ, ಬಯಲುಸೀಮೆ ಎನ್ನದೆ ಎಲ್ಲೆಡೆ ಮೂಳೆ ಕಟ್ಟುವವರು, ಕಾಮಾಲೆಗೆ, ಸರ್ಪಸುತ್ತಿಗೆ ಮದ್ದು ಕೊಡುವವರು ಇದ್ದಾರೆ. ಬಹಳ ಮಂದಿ ಶುಲ್ಕ ಕೇಳುವುದಿಲ್ಲ. ವೀಳ್ಯ, ತೆಂಗಿನಕಾಯಿ, ಕೊಟ್ಟಷ್ಟು ಕಾಣಿಕೆ. ಜೀವನ ನಡೆಯುವುದು ಬೇಸಾಯದಿಂದ, ಕೂಲಿಯಿಂದ. ಕಾಡಿನ ಬೇರು ತೊಗಟೆ ಸಿಗುವುದು ಕಷ್ಟವಾಗಿದೆ, ಮಕ್ಕಳು ಕಲಿಯಲು ಒಲ್ಲರು. 2018ರ ಏಪ್ರಿಲ್ 13ರಂದು ಕೇರಳದ ಪಾರಂಪರಿಕ ವೈದ್ಯರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಮಾನ್ಯ ಅರ್ಹತೆ ಇಲ್ಲದವರು ವೈದ್ಯವೃತ್ತಿ ನಡೆಸುವಂತಿಲ್ಲ ಎಂದು ಖಚಿತವಾಗಿ ಹೇಳಿತು. ಅದೇ ವರ್ಷ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂತು. ಗೌರವವೂ ನಿಷೇಧವೂ ಒಟ್ಟಿಗೇ ಇವೆ. ನನ್ನ ಮಟ್ಟಿಗೆ ನ್ಯಾಯಾಲಯದ ಮಾತು ತಪ್ಪಲ್ಲ: ಹಾವು ಕಚ್ಚಿದವರಿಗೆ ಪ್ರತಿವಿಷ ಸಿಗುವುದು ತಡವಾದರೆ, ಪಿತ್ತನಾಳ ಕಟ್ಟಿಕೊಂಡ ಕಾಮಾಲೆಯನ್ನು ತಿಂಗಳುಗಟ್ಟಲೆ ಸೊಪ್ಪಿನ ರಸದಲ್ಲಿ ಕಳೆದರೆ ಹೋಗುವುದು ಜೀವ. ಆದರೂ ಇವರನ್ನು ಶಿಕ್ಷಿಸಿ ಮುಗಿಸುವುದಕ್ಕಿಂತ, ಯಾವ ರೋಗಿಯನ್ನು ತಕ್ಷಣ ಆಸ್ಪತ್ರೆಗೆ ಕಳಿಸಬೇಕೆಂಬುದನ್ನು ಕಲಿಸಿ ಒಳಗೆ ತರುವುದು ಹೆಚ್ಚು ಜೀವ ಉಳಿಸುತ್ತದೆ. ಪಾರಂಪರಿಕ ವೈದ್ಯರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಯೋಜನೆಯನ್ನು ಭಾರತೀಯ ಗುಣಮಟ್ಟ ಮಂಡಳಿ ನಡೆಸಿದೆ. ಆ ಪತ್ರಕ್ಕೆ ಕಾನೂನಿನ ಬಲ ಇಲ್ಲ.

ವಿಜ್ಞಾನದ ಕಡೆಯಿಂದ ಬರುವ ಆಕ್ಷೇಪ ಗಟ್ಟಿಯಾದದ್ದು: ಮದ್ದೇ ಸಾಬೀತಾಗದಿದ್ದರೆ ಅದನ್ನು ಕೊಡುವವರ ವೃತ್ತಿಯ ಚಿಂತೆ ಯಾಕೆ? ಹೋಮಿಯೋಪತಿಯ ವಿಷಯದಲ್ಲಿ ಇದಕ್ಕೆ ತೂಕವಿದೆ. 2015ರಲ್ಲಿ ಆಸ್ಟ್ರೇಲಿಯಾದ ಆರೋಗ್ಯ ಸಂಶೋಧನಾ ಮಂಡಳಿ ಲಭ್ಯ ಅಧ್ಯಯನಗಳನ್ನೆಲ್ಲ ತೂಗಿ, ಅದು ಪರಿಣಾಮಕಾರಿ ಎನ್ನಲು ನಂಬಲರ್ಹ ಪುರಾವೆ ಇರುವ ಕಾಯಿಲೆ ಒಂದೂ ಇಲ್ಲ ಎಂದಿತು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ತೆರೆದ ಹೋಮಿಯೋಪತಿ ಔಷಧಾಲಯದಿಂದ ಒಂದು ದೊಡ್ಡ ಆಸ್ಪತ್ರೆ ಬೆಳೆದ ಚರಿತ್ರೆ ನಮ್ಮ ಮುಂದಿದ್ದರೂ, ಚರಿತ್ರೆ ಪುರಾವೆಯಾಗುವುದಿಲ್ಲ. ಆದರೆ ಕಾಲೇಜಿಗೆ ಅನುಮತಿ, ಪದವಿಗೆ ಮುದ್ರೆ, ಹೆಸರಿಗೆ ನೋಂದಣಿ ಕೊಟ್ಟದ್ದು ಸರ್ಕಾರ. ಹದಿನೆಂಟರ ಹುಡುಗಿಗೆ ಸೀಟು ಕೊಟ್ಟು, ಇಪ್ಪತ್ನಾಲ್ಕರಲ್ಲಿ ನಿನ್ನ ವಿದ್ಯೆ ಸುಳ್ಳು ಎನ್ನುವುದು ಹೊಣೆಗೇಡಿತನ. ವಿದ್ಯೆ ಸುಳ್ಳಾದರೆ ಸೀಟು ನಿಲ್ಲಿಸಬೇಕು. ಹಳ್ಳಿಗೆ ವೈದ್ಯರೇ ಇಲ್ಲದಿರುವಾಗ ಯಾರಾದರೊಬ್ಬರು ಇರಲಿ ಎಂಬುದು ಇನ್ನೊಂದು ವಾದ. ಹಾಗೆ ಹೇಳುವವರು ತಮ್ಮ ಮನೆಯ ರೋಗಿಯನ್ನು ಆ ಯಾರಾದರೊಬ್ಬರ ಕೈಗೆ ಒಪ್ಪಿಸುವುದಿಲ್ಲ. ಬಿಎಎಂಎಸ್ ವೈದ್ಯರು ಹಳ್ಳಿಯಲ್ಲಿ ಪ್ರಾಥಮಿಕ ಆರೈಕೆ ಮಾಡಬೇಕೆಂದರೆ ಅದಕ್ಕೆ ಬೇಕಾದ ತರಬೇತಿ, ಬರೆಯಬಹುದಾದ ಔಷಧಗಳ ಸೀಮಿತ ಪಟ್ಟಿ, ಮೇಲ್ವಿಚಾರಣೆ, ಕಾನೂನಿನ ರಕ್ಷಣೆ, ಕಾಯಂ ವೇತನ ಐದೂ ಒಟ್ಟಿಗೆ ಬರಬೇಕು. 2018ರಿಂದ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ನರ್ಸಿಂಗ್ ಪದವೀಧರರ ಜೊತೆ ಆಯುರ್ವೇದ ಪದವೀಧರರಿಗೂ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸಿನ ಮೂಲಕ ಅವಕಾಶ ಕೊಟ್ಟದ್ದು ಈ ದಿಕ್ಕಿನ ಒಂದು ಪ್ರಾಮಾಣಿಕ ಹೆಜ್ಜೆ, ಏಕೆಂದರೆ ಅಲ್ಲಿ ಕೆಲಸದ ಎಲ್ಲೆಯನ್ನು ಮೊದಲೇ ಹೇಳಿದ್ದಾರೆ.

2024ರ ಏಪ್ರಿಲ್‌ನಿಂದ ಆರೋಗ್ಯ ವಿಮೆ ಆಯುಷ್ ಚಿಕಿತ್ಸೆಯನ್ನೂ ಇತರ ಚಿಕಿತ್ಸೆಗೆ ಸರಿಸಮವಾಗಿ ನೋಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಹೇಳಿದೆ. ಇದರಿಂದ ಒಳರೋಗಿ ಚಿಕಿತ್ಸೆಗೆ ದುಡ್ಡು ಹರಿದು ಬರಬಹುದು; ಜೊತೆಗೆ ಯಾವ ರೋಗಕ್ಕೆ ಯಾವ ಚಿಕಿತ್ಸೆ, ಎಷ್ಟು ದಿನ, ಫಲವೇನು ಎಂಬ ದಾಖಲೆಯೂ ಬರಬೇಕು. ಕರ್ನಾಟಕ ಅದಕ್ಕೆ ಕಾಯಬೇಕಿಲ್ಲ. ತನ್ನ ಸರ್ಕಾರಿ ಆಯುರ್ವೇದ ಕಾಲೇಜುಗಳಿಂದ ಹೊರಬಂದವರು ಐದು ವರ್ಷದ ನಂತರ ಎಲ್ಲಿ, ಏನು ಕೆಲಸ ಮಾಡುತ್ತಿದ್ದಾರೆ ಎಂಬ ಲೆಕ್ಕವನ್ನು ರಾಜ್ಯ ಪ್ರತಿವರ್ಷ ಪ್ರಕಟಿಸಲಿ. ಖಾಸಗಿ ಆಸ್ಪತ್ರೆಗಳು ಪ್ರತಿ ಪಾಳಿಯಲ್ಲಿರುವ ವೈದ್ಯರ ಪದವಿಯನ್ನು ವಾರ್ಡಿನ ಗೋಡೆಯ ಮೇಲೆ ಬರೆಯಲಿ. ಅಲ್ಲಿಯವರೆಗೆ, ನಿಮ್ಮವರನ್ನು ರಾತ್ರಿ ನರ್ಸಿಂಗ್ ಹೋಮಿಗೆ ಸೇರಿಸಿದಾಗ, ಈಗ ಡ್ಯೂಟಿಯಲ್ಲಿರುವ ವೈದ್ಯರು ಓದಿದ್ದೇನು, ಅವರಿಗೆ ಆದೇಶ ಕೊಡುವ ಕನ್ಸಲ್ಟೆಂಟ್ ಯಾರು ಎಂದು ಕೇಳಿ. ಪ್ರಶ್ನೆಯನ್ನು ಆ ಯುವ ವೈದ್ಯೆಗೆ ಹಾಕಬೇಡಿ. ಆಸ್ಪತ್ರೆಯ ಆಡಳಿತಕ್ಕೆ ಹಾಕಿ.